ಅತ್ತೆಯ ಕೋರಾ ಬಟ್ಟೆಗಳು

ನನ್ನ ಸೋದರತ್ತೆ ಈ ಜಗತ್ತಿನಲ್ಲಿ ಏನನ್ನಾದರೂ ದ್ವೇಷಿಸಿದ್ದರೆ ಅದು ಗುಂಡಿಗಳನ್ನು. ಅಂಗಿಯ ಗುಂಡಿಗಳನ್ನು ಸ್ವಾಮಿ, ರಸ್ತೆಯವನ್ನಲ್ಲ! ರಸ್ತೆಯವನ್ನು ಅವಳು ಸ್ಕೂಟರಿನಲ್ಲಿ ಸಲೀಸಾಗಿ ದಾಟಿಕೊಂಡು ಹೋಗುತ್ತಿದ್ದಳು. ಗುಂಡಿಯ ನಂತರ ಅವಳ ವೈರಿಗಳೆಂದರೆ ಜರಿ, ಕುಚ್ಚು ಮತ್ತು ನೆರಿಗೆ.

ಇಂಥವಳ ಕಸುಬು ಏನಿರಬಹುದು ಹೇಳಿ? ಉಡುಪುಗಳ ವಿನ್ಯಾಸ! ಓದು ಮುಗಿಸಿ, ಮದುವೆಯನ್ನೂ ಅನಗತ್ಯ ಅಲಂಕಾರವೆಂದು ಕೈಬಿಟ್ಟು, ಅರಸೀಕೆರೆಯ ನಮ್ಮ ಮನೆಯ ಮಹಡಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಳು. ಕೆಳಗೆ ಅಪ್ಪನ ಕೊಬ್ಬರಿ ಮಂಡಿ, ಮೇಲೆ ಅವಳ ಕತ್ತರಿ. ಅವಳು ಮಾಡಿದ ಉಡುಪಿಗಾಗಿ ದೊಡ್ಡ ದೊಡ್ಡ ಊರುಗಳಲ್ಲಿ ಜನ ಕಾಯುತ್ತಿದ್ದರಂತೆ. ನಮ್ಮ ಬೀದಿಯವರು ಮಾತ್ರ, ಪಾಪ, ಆ ಹುಡುಗಿಗೆ ಪೂರ್ತಿ ಹೊಲಿಯೋಕೆ ಬರಲ್ಲ ಅಂತ ಮರುಗುತ್ತಿದ್ದರು.

ಅವಳು ಮೊದಲು ಅಗ್ಗದ ಕೋರಾ ಬಟ್ಟೆಯಲ್ಲಿ ಒಂದು ನಮೂನೆ ಹೊಲಿಯುತ್ತಿದ್ದಳು. ಅಡುಗೆಮನೆಯಲ್ಲಿದ್ದ ನನ್ನ ಅಮ್ಮನನ್ನು ಎಳೆದು ತಂದು ಸೀರೆಯ ಮೇಲೆಯೇ ತೊಡಿಸುತ್ತಿದ್ದಳು. ಸುತ್ತಲೂ ನಡೆದು ನೋಡಿ, ಏನೋ ಒಂದನ್ನು ಕತ್ತರಿಸಿ ಹಾಕುತ್ತಿದ್ದಳು. ಮರುದಿನ ಮತ್ತೊಂದು ನಮೂನೆ, ಇನ್ನೂ ಸ್ವಲ್ಪ ಕಡಿಮೆ. ಒಮ್ಮೆ ಒಲೆಯ ಮೇಲೆ ಸಾರು ಉಕ್ಕುತ್ತಿರುವಾಗ ಅಮ್ಮ ರೇಗಿದಳು:

"ಇನ್ನೇನು ತೆಗೀತೀಯೇ? ನಾನೊಬ್ಬಳೇ ಉಳಿದಿರೋದು."

"ನನಗೂ ಅಷ್ಟೇ ಬೇಕಾಗಿರೋದು ಅತ್ತಿಗೆ," ಎಂದಳು ಅತ್ತೆ.

ಕೆಲಸ ಮುಗಿದ ಮೇಲೆ ನಮೂನೆಗಳೆಲ್ಲ ಕಸಕ್ಕೆ. ಗಟ್ಟಿ ಬಟ್ಟೆ ಎಸೆಯಲು ಅಮ್ಮನಿಗೆ ಮನಸ್ಸು ಬರಬೇಕಲ್ಲ? ಒಂದನ್ನು ಮಿಕ್ಸಿಗೆ ತೊಡಿಸಿದಳು, ಒಂದನ್ನು ಟಿ.ವಿ.ಗೆ. ಇನ್ನೊಂದರ ತೋಳುಗಳನ್ನು ಗಂಟು ಹಾಕಿ ಅದರಲ್ಲಿ ಮಂಡಕ್ಕಿ ತುಂಬಿಟ್ಟಳು. ಹೀಗೆ ನಮ್ಮ ಮಿಕ್ಸಿ ಇಡೀ ತಾಲ್ಲೂಕಿನಲ್ಲೇ ಅತ್ಯಂತ ಸರಳ ಉಡುಪಿನ ಮಿಕ್ಸಿಯಾಯಿತು!

ಅವಳ ಜೊತೆ ಹಳೇಬೀಡಿಗೆ ಹೋದದ್ದನ್ನು ಹೇಳದಿದ್ದರೆ ಹೇಗೆ? ಜನರೆಲ್ಲ ಕಣ್ಣರಳಿಸಿ ಶಿಲ್ಪ ನೋಡುತ್ತಿದ್ದರೆ, ಇವಳು ಕೆತ್ತನೆಯೇ ಇಲ್ಲದ ಒಂದು ಕಲ್ಲಿನ ಮುಂದೆ ನಿಂತುಬಿಟ್ಟಳು. ಗೈಡಿಗೆ ಸಂಕಟವಾಗಿ, ಶಿಲ್ಪ ಆ ಕಡೆ ಐತೆ ಅಂದ. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿದ್ದವನು ಈ ಶಿಲ್ಪಿ ಒಬ್ಬನೇ ಎಂದು ಅತ್ತೆ ಹೊಗಳಿದಳು.

"ಹಂಗೇನಿಲ್ಲ ಮೇಡಮ್," ಅಂದ ಆತ. "ಕೆಲಸ ಮುಗೀಲಿಲ್ಲ, ಅಷ್ಟೆ."

ಆ ಮಾತಿಗೆ ಬಿದ್ದು ಬಿದ್ದು ನಕ್ಕವಳೂ ಅವಳೇ.

ಹೋದ ವರ್ಷ ಹಗರೆಯ ಹತ್ತಿರ ಹೊಸದಾಗಿ ತೆರೆದ ಖಾಸಗಿ ಮ್ಯೂಸಿಯಂನಿಂದ ಒಬ್ಬ ಯುವತಿ ಮನೆಗೆ ಬಂದಳು. ಅತ್ತೆಯ ಒಂದೊಂದು ಉಡುಪೂ ಹೇಗೆ ರೂಪುಗೊಂಡಿತು ಎಂಬುದರ ಪ್ರದರ್ಶನ ಮಾಡುತ್ತಾರಂತೆ. ಹಳೆಯ ನಮೂನೆಗಳು ಬೇಕಂತೆ. ಎಲ್ಲ ಎಸೆದೆ ಎಂದಳು ಅತ್ತೆ. ಹುಡುಗಿಯ ಮುಖ ಬಾಡಿತು. ಅಮ್ಮ ಸದ್ದಿಲ್ಲದೆ ಎದ್ದು ಹೋಗಿ ಮಿಕ್ಸಿಯನ್ನು ಬತ್ತಲೆ ಮಾಡಿದಳು.

ಪ್ರದರ್ಶನಕ್ಕೆ ಮೊದಲೇ ಅತ್ತೆಗೆ ಕಾಯಿಲೆ ಬಂತು. ಹೊಟ್ಟೆಯೊಳಗಿನದು, ಗೊತ್ತಾಗುವಷ್ಟರಲ್ಲಿ ಹರಡಿತ್ತು. ಆಸ್ಪತ್ರೆಯಲ್ಲಿ ಕೊಟ್ಟ ಹಸಿರು ನಿಲುವಂಗಿಯನ್ನು ಮುಟ್ಟಿ ಮುಟ್ಟಿ ನೋಡಿದಳು.

"ಗುಂಡಿಯಿಲ್ಲ, ಜೇಬಿಲ್ಲ. ನಾನು ಇಷ್ಟು ವರ್ಷ ಹುಡುಕಿದ್ದು ಇದನ್ನೇ ಕಣೇ," ಎಂದಳು ನನಗೆ. "ಹಾಕ್ಕೊಂಡಿರೋರ ಮುಖದಲ್ಲಿ ನಗು ಒಂದಿಲ್ಲ."

ನಾನು ನಕ್ಕೆ. ಹೊರಗೆ ಬಂದು ಅತ್ತುಬಿಟ್ಟೆ. ಮಾಗಿಯ ಚಳಿ ಮುಗಿಯುವ ಮೊದಲೇ ಅವಳು ಹೋದಳು.

ಪ್ರದರ್ಶನಕ್ಕೆ ನಾನೂ ಅಮ್ಮನೂ ಬಸ್ಸಿನಲ್ಲಿ ಹೋದೆವು. ಬಿಳಿ ಗೋಡೆ, ಮೆತ್ತನೆಯ ಬೆಳಕು. ನಮ್ಮ ಮಿಕ್ಸಿಯ ಅಂಗಿ, ಟಿ.ವಿ.ಯ ಅಂಗಿ, ಮಂಡಕ್ಕಿಯ ಅಂಗಿ ಸಾಲಾಗಿ ನಿಂತಿದ್ದವು. ಅರಿಶಿನದ ಕಲೆಯನ್ನೂ ಹಾಗೇ ಬಿಟ್ಟಿದ್ದರು. ಅಂದು ಮನೆಗೆ ಬಂದಿದ್ದ ಯುವತಿಯೇ ಎದುರಾಗಿ, ತನಗೊಂದು ಅನುಮಾನ ಎಂದಳು. ಎಲ್ಲ ನಮೂನೆಗಳಲ್ಲೂ ಎಡಭುಜ ಒಂದಿಷ್ಟು ಇಳಿದಿದೆ, ಮಾರಾಟಕ್ಕೆ ಹೋದ ಉಡುಪುಗಳಲ್ಲಿ ಹಾಗಿಲ್ಲ. ಇದರ ಹಿಂದೆ ಏನಾದರೂ ಚಿಂತನೆ ಇತ್ತೇ?

"ಚಿಂತನೆ ಏನಿಲ್ಲಮ್ಮ, ಅದು ನನ್ನ ಭುಜ," ಎಂದಳು ಅಮ್ಮ.

ನಾನು ಹುಟ್ಟುವ ಮೊದಲು, ಕೊಬ್ಬರಿ ಒಣಗಿಸಲು ಹೋಗಿ ಅಟ್ಟದ ಏಣಿಯಿಂದ ಬಿದ್ದಿದ್ದಳಂತೆ. ಮೂಳೆ ಸೊಟ್ಟಗೆ ಕೂಡಿತಂತೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದ ನನಗೆ ಅದು ಗೊತ್ತಿರಲಿಲ್ಲ. ಸೆರಗಿನ ಕೆಳಗಿದ್ದದ್ದನ್ನು ಯಾರು ನೋಡಿದ್ದರು?

ವಾಪಸು ಬರುವಾಗ ಅಮ್ಮ ಕಿಟಕಿಯ ಪಕ್ಕ ಕೂತಿದ್ದಳು. ಹಳೇಬೀಡು ದಾಟಿದ ಮೇಲೆ, ನನ್ನ ಕಡೆ ತಿರುಗದೆಯೇ ಹೇಳಿದಳು:

"ನೋವು ಐತೆ ಅಂತ ನಾನು ಯಾವತ್ತೂ ಅವಳಿಗೆ ಹೇಳಿರಲಿಲ್ಲ. ಅವಳೂ ಕೇಳಲಿಲ್ಲ. ಆ ಕಡೆ ತೋಳು ತೊಡಿಸೋವಾಗ ಮಾತ್ರ ನಿಧಾನಕ್ಕೆ ತೊಡಿಸೋಳು ಕಣೇ."