ಡಬ್ಬಿಯೊಳಗಿನ ಬ್ಯಾಂಡು

ಎಲ್ಲ ಗೋಳಿಗೂ ಮೂಲ ಶನಿವಾರ ಸಂಜೆ ಬಂದ ಒಂದು ವಾಟ್ಸಾಪ್ ಸಂದೇಶ. "ನಾಳೆ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಶಾಲೆಯಲ್ಲಿ ವಿಶೇಷ ಕಾರ್ಯಕ್ರಮ. ಬ್ಯಾಂಡ್ ಮಾಸ್ಟರ್ ಕಡ್ಡಾಯ." ಕೆಳಗೆ ಉಪಪ್ರಾಂಶುಪಾಲೆ ಹರ್ಷದಾ ಮೇಡಂ ಅವರ ಹೆಸರು.

ಹೈದರಾಬಾದಿನ ಚಂದಾನಗರದ ತನ್ನ ಬಾಡಿಗೆ ಕೋಣೆಯಲ್ಲಿ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದ ಬ್ಯಾಂಡ್ ಮಾಸ್ತರ ಕಲ್ಲೇಶ ಅದನ್ನು ಓದಿ, ಕೈಯಲ್ಲಿದ್ದ ಅಂಗಿಯ ಸಮೇತ ಹಾಸಿಗೆಯ ಮೇಲೆ ಕುಸಿದ.

ಅವನಿಗೆ ಮದುವೆಯಾಗಿ ಹನ್ನೊಂದು ತಿಂಗಳು. ಹೆಂಡತಿ ರಶ್ಮಿ ಸೇಡಂ ಸರಕಾರಿ ಆಸ್ಪತ್ರೆಯಲ್ಲಿ ನರ್ಸು. ಲಿಂಗಂಪಲ್ಲಿಯಲ್ಲಿ ರೈಲು ಹತ್ತಿದರೆ ಮೂರು ತಾಸಿಗೆ ಸೇಡಂ. ಮೂರು ತಾಸು ಏನು ಮಹಾ ದೂರ! ಆದರೆ ಅವಳಿಗೆ ಆಫ್ ಸಿಕ್ಕ ದಿನ ಭಾನುವಾರವಾಗಿರುತ್ತಿರಲಿಲ್ಲ, ಭಾನುವಾರ ಬಂದಾಗ ಇವನಿಗೆ ಆಫ್ ಇರುತ್ತಿರಲಿಲ್ಲ. ಜನವರಿ ಹುಟ್ಟಿದಾಗಿನಿಂದ ಗಣರಾಜ್ಯೋತ್ಸವದ ತಾಲೀಮು, ಅದು ಮುಗಿದರೆ ಅಂತರಶಾಲಾ ಸ್ಪರ್ಧೆ, ಅದು ಮುಗಿದರೆ ವಾರ್ಷಿಕೋತ್ಸವ. ನಡುವೆ ಶಾಲೆಯ ಕರೆಸ್ಪಾಂಡೆಂಟ್, ಅಂದರೆ ಒಡೆಯ, ಅಮರೇಶಪ್ಪನವರ ಗೆಳೆಯರು ಎಲ್ಲಿ ಟೇಪು ಕತ್ತರಿಸಿದರೂ ಅಲ್ಲಿಗೆ ಬ್ಯಾಂಡು. ಬೇಗಂ ಬಜಾರಿನಲ್ಲಿ ಪಾತ್ರೆ ವ್ಯಾಪಾರ ಮಾಡಿ ಮೇಲೆ ಬಂದ ಅಮರೇಶಪ್ಪನವರಿಗೆ ಹಿತ್ತಾಳೆ ಸಪ್ಪಳವೆಂದರೆ ಪ್ರಾಣ.

ಹೀಗೆ ಏಳು ವಾರ ಹೆಂಡತಿಯ ಮುಖ ಕಂಡಿರಲಿಲ್ಲ. ಮಕ್ಕಳಿಗೆ ಅವನು "ಈ ಸ್ವರ ಉಸಿರು ಮುಗಿಯೂತನಾ ಹಿಡೀರಿ, ಬಿಡಬ್ಯಾಡ್ರಿ" ಎಂದು ಹೇಳಿಕೊಡುತ್ತಿದ್ದ. ಅವರು ಹಿಡಿದೇ ಹಿಡಿಯುತ್ತಿದ್ದರು. ಮಾಸ್ತರ ಕೈ ಇಳಿಸುವುದನ್ನೇ ಮರೆತು ಕಿಟಕಿಯಾಚೆ ರೈಲಿನ ಸದ್ದು ಕೇಳುತ್ತ ನಿಲ್ಲುತ್ತಿದ್ದ. ಮುಂದಿನ ಸಾಲಿನ ಹುಡುಗರ ಮುಖ ಬದನೆಕಾಯಿಯಾದ ಮೇಲೆ ಎಚ್ಚರ.

ಆ ಭಾನುವಾರ ಮಾತ್ರ ದೇವರು ಕಣ್ಣು ತೆರೆದಿದ್ದ. ರಶ್ಮಿಗೆ ಹಗಲು ಪೂರ್ತಿ ಆಫ್, ರಾತ್ರಿ ಎಂಟಕ್ಕೆ ಡ್ಯೂಟಿ. ಇವನಿಗೂ ಏನೂ ಇರಲಿಲ್ಲ, ಈ ಸಂದೇಶ ಬರುವವರೆಗೆ. ಫೋನ್ ಮಾಡಿ ವಿಷಯ ಹೇಳಿದರೆ ರಶ್ಮಿ, "ಹೌದಾ? ಇರಲಿ ಬಿಡ್ರಿ. ಸಾಲಿ ಕೆಲಸ ಮೊದಲ ಮಾಡ್ರಿ" ಎಂದು ಅವಸರದಲ್ಲಿ ಇಟ್ಟುಬಿಟ್ಟಳು.

ಅಷ್ಟು ತಣ್ಣಗಿನ ಮಾತು! ಕಲ್ಲೇಶನಿಗೆ ಎದೆಯಲ್ಲಿ ಮುಳ್ಳಾಡಿತು. ಕೋಪ ಮಾಡಿಕೊಂಡಿದ್ದಾಳೆ, ಸಂಶಯವೇ ಇಲ್ಲ. ಇನ್ನೊಂದು ಭಾನುವಾರ ತಪ್ಪಿದರೆ ತನ್ನ ಮುಖವನ್ನೂ ಮರೆಯುತ್ತಾಳೆ. ರಾತ್ರಿಯಿಡೀ ಹೊರಳಾಡಿ ಬೆಳಗಿನ ಹೊತ್ತಿಗೆ ಅವನು ಜೀವನದಲ್ಲಿ ಮೊದಲ ಬಾರಿಗೆ ಒಂದು ಕಳ್ಳತನ ಮಾಡಲು ನಿರ್ಧರಿಸಿದ.

ಟ್ರಂಪೆಟ್ಟು ಎಷ್ಟೇ ದೊಡ್ಡದಿರಲಿ, ತುಟಿ ಇಡುವ ತುದಿಯ ಆ ಪುಟ್ಟ ಲೋಹದ ಬಟ್ಟಲು ಇಲ್ಲದಿದ್ದರೆ ಅದು ನೀರಿನ ಪೈಪಿಗೂ ಕಡೆ. ಅದಕ್ಕೆ ಮೌತ್‌ಪೀಸು ಅನ್ನುತ್ತಾರೆ. ಮಕ್ಕಳು ಕಳೆಯುತ್ತಾರೆಂದು ಕಲ್ಲೇಶ ತಾಲೀಮು ಮುಗಿದ ಕೂಡಲೇ ಹದಿನಾಲ್ಕನ್ನೂ ಎಣಿಸಿ ಬ್ಯಾಂಡ್ ಕೋಣೆಯ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದ. ಅವು ಒಂದು ದಿನ ಕಾಣೆಯಾದರೆ ಬ್ಯಾಂಡಿಲ್ಲ. ಬ್ಯಾಂಡಿಲ್ಲದಿದ್ದರೆ ಬ್ಯಾಂಡ್ ಮಾಸ್ತರನ ಕೆಲಸವೇನು? ಒಂಬತ್ತೂ ನಲವತ್ತರ ಗಾಡಿ, ಒಂದು ಗಂಟೆಗೆ ಸೇಡಂ, ರಶ್ಮಿಯ ಕೈಯ ಬಿಸಿ ರೊಟ್ಟಿ.

ಎಂಟಕ್ಕೇ ಶಾಲೆಗೆ ಹೋಗಿ, ಕಪಾಟು ತೆರೆದು, ಹದಿನಾಲ್ಕನ್ನೂ ಊಟದ ಡಬ್ಬಿಗೆ ಸುರಿದು ಮುಚ್ಚಳ ಒತ್ತುವುದಕ್ಕೂ ಬಾಗಿಲಲ್ಲಿ ಆಯಾ ಗದಿಗೆಮ್ಮ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು.

"ಸರ, ಡಬ್ಬಿ ಕೊಡ್ರಿ. ಕ್ಯಾಂಟೀನಿನ್ಯಾಗ ಬಿಸಿ ಮಾಡಿ ಇಡ್ತೀನಿ."

"ಬ್ಯಾಡಬೇ ಯವ್ವಾ, ತಣ್ಣಗ ಇರಲಿ."

"ತಣ್ಣಗ ತಿಂದ ತಿಂದ ಕಡ್ಡಿ ಆಗೀರಿ. ಕೊಡ್ರಿ ಇಲ್ಲೆ!" ಗದಿಗೆಮ್ಮ ಡಬ್ಬಿ ಕಸಿದುಕೊಂಡಳು. ಒಳಗಿನಿಂದ ಗಣಗಣ ಸದ್ದು. ಅವಳು ಕಿವಿಗೆ ಹಿಡಿದು ಇನ್ನೊಮ್ಮೆ ಅಲ್ಲಾಡಿಸಿದಳು. "ಏನ ಇಟ್ಕೊಂಡೀರಿ ಇದರಾಗ? ಕಲ್ಲು?"

"ಚಕ್ಕಲಿ" ಎಂದ ಕಲ್ಲೇಶ. "ಭಾಳ ದಿನದ್ದು. ಗಟ್ಟಿ ಆಗ್ಯಾವು."

"ಪಾಪ! ಇಂಥಾ ಚಕ್ಕಲಿ ತಿಂದ ಹಲ್ಲು ಉದುರಿಸ್ಕೋತೀರೇನು? ಹಾಲಿನಾಗ ನೆನಿ ಹಾಕ್ತೀನಿ."

ಡಬ್ಬಿಯನ್ನು ಅವಳ ಕೈಯಿಂದ ಬಿಡಿಸಿಕೊಳ್ಳುವಷ್ಟರಲ್ಲಿ ಅವನು ಬೆವತುಹೋದ. ಇದು ಡಬ್ಬಿಯಲ್ಲಿ ಉಳಿಯುವ ಗಂಟು ಅಲ್ಲ ಎಂದು ಬಚ್ಚಲಿಗೆ ಓಡಿ, ಆ ಜೇಬಿಗೆ ಏಳು, ಈ ಜೇಬಿಗೆ ಏಳು ತುಂಬಿಕೊಂಡ. ಬೆಲ್ಟಿಗೆ ಅಷ್ಟು ಭಾರ ಹೊತ್ತು ರೂಢಿಯಿರಲಿಲ್ಲ. ಎರಡೂ ಕೈಯಿಂದ ಸೊಂಟ ಹಿಡಿದು, ಬಗ್ಗಿ, ತುಂಬಿದ ಕೊಡ ಹೊತ್ತವನ ಹಾಗೆ ಅಳೆದಳೆದು ಹೆಜ್ಜೆಯಿಡುತ್ತ ಹೊರಗೆ ಬಂದ.

ಅಂಗಳದಲ್ಲಿ ಚೆಂಡುಹೂವಿನ ಮಾಲೆ ಕಟ್ಟಿಸುತ್ತಿದ್ದ ಹರ್ಷದಾ ಮೇಡಂ ಎದುರಾದರು. ಜೊತೆಗೆ ಪಿ.ಟಿ. ಮಾಸ್ತರ ಯಾದಗಿರಿ.

"ಮೇಡಂ, ಅನಾಹುತ ಆತ್ರಿ. ಮೌತ್‌ಪೀಸು ಒಂದೂ ಇಲ್ಲ. ಇವತ್ತು ಬ್ಯಾಂಡು ಆಗೂದಿಲ್ಲ. ನಾನು ಮನಿಗೆ…"

"ಬ್ಯಾಂಡಿಲ್ಲದಿದ್ರ ಬ್ಯಾಡ ಬಿಡ್ರಿ" ಎಂದರು ಮೇಡಂ, ಹೂವು ಎಣಿಸುತ್ತಲೇ. "ನೀವ ಇದ್ರ ಸಾಕು."

ಕಲ್ಲೇಶ ಬಾಯಿ ತೆರೆದು ನಿಂತ. ಏಳು ವಾರ ಒಂದು ಢೋಲು ತಾಳ ತಪ್ಪಿದರೂ ಶಾಲೆ ತಲೆಕೆಳಗಾದಂತೆ ಕೂಗಾಡುತ್ತಿದ್ದ ಹೆಂಗಸು! "ನಾನೊಬ್ಬನ ಇದ್ದು ಏನ ಮಾಡ್ಲಿರಿ? ಬರೇ ಬಾಯಿಲೇ ಪೀಪಿ ಊದಲಿ?"

"ಅರೇ ಮಾಸ್ಟರ್, ಟೆನ್ಷನ್ ನಕ್ಕೋ, ಟೆನ್ಷನ್ ಬೇಡ!" ಯಾದಗಿರಿ ಬೆನ್ನಿಗೆ ಗುದ್ದಿದ. ಜೇಬುಗಳು ಒಳಗೊಳಗೇ ಗಣಗುಟ್ಟಿದವು. "ಬಹುತ್ ಬಡಾ ಗೆಸ್ಟ್ ಬರ್ತಾ ಇದ್ದಾರೆ. ನೀವು ಇರಲೇಬೇಕು."

"ಯಾರ್ರಿ ಗೆಸ್ಟು?"

ಯಾದಗಿರಿ ಮೇಡಂ ಮುಖ ನೋಡಿದ, ಮೇಡಂ ಹೂವು ನೋಡಿದರು, ಹಿಂದೆ ಬಂದು ನಿಂತಿದ್ದ ಗದಿಗೆಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಡ್ಡಮುಖ ಮಾಡಿದಳು. ಯಾರೋ ದೊಡ್ಡ ಮನುಷ್ಯ, ಕಾಯಿಸಿ ಕಾಯಿಸಿ ನಿಲ್ಲಿಸುತ್ತಾನೆ, ಸಂಜೆಯವರೆಗೆ ಭಾಷಣ ಬಿಗಿಯುತ್ತಾನೆ ಎಂದು ಕಲ್ಲೇಶನಿಗೆ ಖಾತ್ರಿಯಾಯಿತು. ಗಡಿಯಾರ ಎಂಟೂ ಮುಕ್ಕಾಲು. ಅಷ್ಟರಲ್ಲಿ ಪ್ಯಾಂಟು ಇನ್ನೊಂದು ಅಂಗುಲ ಜಾರಿತು. ಅವನು ಸೊಂಟ ಬಿಗಿಹಿಡಿದು ಮತ್ತಷ್ಟು ಬಗ್ಗಿದ.

"ಏಮೈಂದಿ ಮಾಸ್ಟರ್? ಕಡುಪು ನೊಪ್ಪಿಯಾ? ಹೊಟ್ಟೆನೋವಾ?" ಎಂದ ಯಾದಗಿರಿ.

ದೇವರೇ ಕಳಿಸಿದ ನೋವು ಎನ್ನಿಸಿತು. "ಹೌದ್ರಿ! ತಡಕೊಳ್ಳಾಕ ಆಗವಲ್ದು. ಮನಿಗೆ ಹೋಗಿಬಿಡ್ತೀನಿ."

"ಒಬ್ಬರೇ ಮನಿಗೆ? ಛೇ ಛೇ!" ಎಂದರು ಮೇಡಂ. ಮೂವರೂ ಕೂಡಿ ಅವನನ್ನು ಅನಾಮತ್ತಾಗಿ ಎತ್ತಿ ಸಿಕ್ ರೂಮಿನ ಮಂಚದ ಮೇಲೆ ಹಾಕಿದರು. ಗದಿಗೆಮ್ಮ ಅಜವಾನದ ನೀರು ತಂದು ಮೂಗು ಹಿಡಿದು ಕುಡಿಸಿದಳು. ಯಾದಗಿರಿ ಪಾದ ತಿಕ್ಕಿದ. ಕಲ್ಲೇಶ ಮಗ್ಗಲು ಬದಲಿಸಿದರೆ ಗಣ್ಣೆನ್ನುತ್ತಿತ್ತು.

"ಏನದು ಸಪ್ಪಳ?" ಎಂದರು ಮೇಡಂ.

"ಮಂಚದ್ರಿ."

ಆಗ ಸಾಕ್ಷಾತ್ ಅಮರೇಶಪ್ಪನವರೇ ಬಂದರು. ತಮ್ಮ ದಪ್ಪ ಕೈಯನ್ನು ಅವನ ಹೊಟ್ಟೆಯ ಮೇಲಿಟ್ಟು, "ಏನ ಮಾಸ್ತರ್ರ, ಇವತ್ತ ನೋಡ್ರಿ ನೀವು ಹಾಸಿಗಿ ಹಿಡಿಯೂದು! ಹನ್ನೊಂದರ ತನಕ ಮಲಕೋರಿ. ಆಮ್ಯಾಲ ಕುರ್ಚಿ ಮ್ಯಾಲ ಸುಮ್ಮಕ ಕುಂತ್ರ ಮುಗೀತು" ಎಂದರು. ಕೈ ಇನ್ನು ನಾಲ್ಕು ಬೆರಳು ಪಕ್ಕಕ್ಕೆ ಸರಿದಿದ್ದರೆ ಬೇಗಂ ಬಜಾರಿನ ವ್ಯಾಪಾರಿಗೆ ಅದು ಹೊಟ್ಟೆಯಲ್ಲ, ಒಳ್ಳೆಯ ಹಿತ್ತಾಳೆ ಎಂದು ಗೊತ್ತಾಗಿಬಿಡುತ್ತಿತ್ತು.

"ನಿದ್ದಿ ಮಾಡ್ಲಿ" ಎಂದು ಎಲ್ಲರೂ ತುದಿಗಾಲಲ್ಲಿ ಹೊರಗೆ ಹೋದರು. ಕಲ್ಲೇಶ ಮೂರು ಸಲ ಗೊರಕೆ ಹೊಡೆದು ತೋರಿಸಿ, ಕಿಟಕಿಯಿಂದ ಇಳಿದು, ಒಂದು ಕೈಯಲ್ಲಿ ಪ್ಯಾಂಟು ಇನ್ನೊಂದು ಕೈಯಲ್ಲಿ ಹಿಂದಿನ ಗೋಡೆ ಹಿಡಿದು ಆಚೆ ಹಾರಿದ. ಆಟೋ ಹತ್ತಿದ ಮೇಲೆ ಮೊದಲು ಮಾಡಿದ ಕೆಲಸ ಫೋನ್ ಆಫ್ ಮಾಡಿದ್ದು. ಲಿಂಗಂಪಲ್ಲಿಯಲ್ಲಿ ರೈಲು ಅಲುಗಿದ ಮೇಲೇ ಬಾಗಿಲಿಗೆ ಜೋತುಬಿದ್ದ.

ಕಿಟಕಿಯ ಪಕ್ಕ ಜಾಗ ಸಿಕ್ಕಿತು. ವಿಕಾರಾಬಾದಿನ ಗುಡ್ಡಗಳು ಹಿಂದಾದವು. ಕಲ್ಲೇಶ ಮನಸ್ಸಿನಲ್ಲೇ ರಶ್ಮಿಯ ಬಾಗಿಲು ತಟ್ಟಿದ. ಅವಳು ತೆರೆದಳು. ಮುಖ ಊದಿಸಿಕೊಂಡಿದ್ದಳು. ಆಮೇಲೆ ನಕ್ಕಳು. ಇಷ್ಟನ್ನೇ ತಾಂಡೂರು ಬರುವವರೆಗೆ ಹತ್ತು ಸಲ ತಟ್ಟಿದ, ಹತ್ತು ಸಲವೂ ಅವಳು ನಕ್ಕಳು. ಏಳು ವಾರದ ಮಾತನ್ನು ಯಾವ ಕ್ರಮದಲ್ಲಿ ಹೇಳಬೇಕು ಎಂದೂ ಜೋಡಿಸಿಟ್ಟುಕೊಂಡ. ಮೊದಲು ಕ್ಷಮೆ, ಆಮೇಲೆ ಸ್ಪರ್ಧೆಯಲ್ಲಿ ಕಪ್ಪು ಗೆದ್ದದ್ದು, ಆಮೇಲೆ ಏನೂ ಮಾತಾಡದೆ ಸುಮ್ಮನೆ ಪಕ್ಕದಲ್ಲಿ ಕೂತಿರುವುದು.

ಸೇಡಂನಲ್ಲಿ ಇಳಿದು, ಒಂದು ಮೊಳ ಮಲ್ಲಿಗೆ ಕೊಂಡು, ಬಿಸಿಲಲ್ಲಿ ನಡೆದು ಮನೆಗೆ ಬಂದರೆ ಬಾಗಿಲಿಗೆ ಬೀಗ.

ಕೆಳಗಿನ ಮನೆಯ ಶಿವದೇವಿ, ಈ ಮನೆಯ ಒಡತಿ, ಅಕ್ಕಿ ಆರಿಸುತ್ತಿದ್ದವರು ಮೊರ ಕೈಬಿಟ್ಟರು. "ಅಯ್ಯ ಶಿವನ! ನೀವ್ಯಾಕ ಇಲ್ಲಿ ಬಂದ್ರಿ?"

"ರಶ್ಮಿ ಎಲ್ರಿ ಅಕ್ಕಾರ? ಆಸ್ಪತ್ರಿಗೆ ಕರಸಿದ್ರೇನು?"

"ಯಾವ ಆಸ್ಪತ್ರಿ! ನಿಮ್ಮ ಹೈದರಾಬಾದಿಗೇ ಹೋಗ್ಯಾಳ, ನಸುಕಿನ ಗಾಡಿಗೆ. ಮದುವಿ ಸೀರಿ ಉಟ್ಟು ಹೋಗ್ಯಾಳ. ನಿಮ್ಮ ಸಾಲ್ಯಾಗ ಇವತ್ತ ನಿಮಗ ಸನ್ಮಾನಂತಲ್ಲ! ಹೆಂಡತಿನ್ನ ಗೆಸ್ಟ್ ಮಾಡಿ ಕುಂದರಿಸ್ತಾರಂತ. ಯಾರೋ ಗದಿಗೆಮ್ಮ ಅಂತ ಫೋನ್ ಮಾಡಿದ್ಲು, 'ಮಾಸ್ತರ ನಿಮ್ಮ ನೆನಪಿನಾಗ ಒಣಗಾಕತ್ಯಾರ, ಬರ್ರಿ, ಆದರ ಅವರಿಗೆ ಹೇಳಬ್ಯಾಡ್ರಿ' ಅಂತ."

ಮಲ್ಲಿಗೆ ಕೈಯಲ್ಲೇ ಉಳಿಯಿತು. ಕಲ್ಲೇಶ ಮೆಟ್ಟಿಲ ಮೇಲೆ ಕೂತ. ಜೇಬುಗಳು ಗಣ್ಣೆಂದವು. ಫೋನ್ ಜೀವಂತ ಮಾಡಿ ಅವಳಿಗೆ ಹಚ್ಚಿದ.

"ಎಲ್ಲದೀರಿ ನೀವು?" ರಶ್ಮಿಯ ದನಿ ಅರ್ಧ ಅಳು, ಅರ್ಧ ಬೈಗಳು. "ಹೊಟ್ಟಿ ಹಿಡಕೊಂಡು ಎತ್ತಾಗೋ ಹೋಗ್ಯಾರ ಅಂದ್ರು. ಆ ಪಿ.ಟಿ. ಸರ್ ನಿಮ್ಮನ್ನ ಹುಡಕಿಕೋತ ಮೂರು ದವಾಖಾನಿ ತಿರುಗ್ಯಾರ!"

"ನಿನ್ನ ಮನಿ ಮುಂದ ಅದೀನಿ."

ಆ ಕಡೆಯಿಂದ ಅವಳು ನಕ್ಕಳೋ ಅತ್ತಳೋ ತಿಳಿಯದ ಒಂದು ಸದ್ದು ಬಂತು.

"ಅಲ್ಲೇ ಇರು, ಬರ್ತೀನಿ" ಎಂದ.

"ನೀವ ಅಲ್ಲಿರ್ರಿ! ನಂಗ ಎಂಟಕ್ಕ ಡ್ಯೂಟಿ ಐತಿ. ನಾಲ್ಕರ ಗಾಡಿಗೆ ಹೊಂಟೀನಿ, ಏಳಕ್ಕ ಬಂದಬಿಡ್ತೀನಿ. ಒಂದು ತಾಸು ಸಿಗ್ತದ."

ಒಂದು ತಾಸು! ಏಳು ವಾರದ ಮೇಲೆ ಅದೇನು ಕಡಿಮೆಯೇ? ಕಲ್ಲೇಶನ ಜೀವ ಮರಳಿ ಬಂತು. ಅಷ್ಟರಲ್ಲಿ ರಶ್ಮಿ ಹೆಮ್ಮೆಯಿಂದ ಹೇಳಿದಳು, "ಜನಾ ಎಲ್ಲಾ ಕುಂತಿದ್ರು, ಕಾದು ಕಾದು ನಿಮ್ಮ ಶಾಲು ನನಗ ಹೊದಿಸಿದ್ರು. ಅಮರೇಶಪ್ಪನವರು ನಿಮಗ ದೊಡ್ಡ ಬಹುಮಾನ ಕೊಟ್ಟಾರ. ಇನ್ನ ಮ್ಯಾಲ ನೀವು ಬರೇ ಮಾಸ್ತರ ಅಲ್ಲ, ಮೂರೂ ಬ್ರಾಂಚಿಗೆ ಬ್ಯಾಂಡ್ ಡೈರೆಕ್ಟರು! ಮಾದಾಪುರದ್ದು, ಶಂಶಾಬಾದಿಂದು, ಇಲ್ಲಿಂದು. 'ಪ್ರತಿ ಭಾನುವಾರ ಒಂದೊಂದ ಕಡೆ ತಾಲೀಮು, ಒಪ್ಪಿಗಿ ಏನವಾ?' ಅಂತ ಕೇಳಿದ್ರು. ನೀವಿಲ್ಲದ ಹೊತ್ತಿನಾಗ ಮರ್ಯಾದಿ ಹೋಗಬಾರದಂತ, ನಾನ ಮೈಕಿನಾಗ ಒಪ್ಪಿಕೊಂಡೆ."

ಕಲ್ಲೇಶ ಗೋಡೆಗೆ ತಲೆ ಆನಿಸಿದ.

"ಕೇಳಾಕತ್ತೀರಿ ಏನ್ರಿ? ಮೊದಲನೇ ತಾಲೀಮು ಮಾತ್ರ ನಾಳೆನ, ಸೋಮವಾರ ಬೆಳಿಗ್ಗೆ ಆರಕ್ಕ ಶಂಶಾಬಾದಿನ್ಯಾಗ ಸುರು ಅಂತ. ಮೇಡಂ ಕೇಳಾಕತ್ಯಾರ, ಮೌತ್‌ಪೀಸು ಸಿಕ್ಕಾವ ಏನು?"

"ಸಿಕ್ಕಾವು" ಎಂದ ಕಲ್ಲೇಶ, ಜೇಬು ಮುಟ್ಟಿ.

ಸೇಡಂನಿಂದ ಹೈದರಾಬಾದಿಗೆ ಐದರ ಗಾಡಿ. ಅದು ತಪ್ಪಿದರೆ ಬೆಳಗಿನವರೆಗೆ ರೈಲೂ ಇಲ್ಲ, ಬಸ್ಸೂ ಇಲ್ಲ. ಶಿವದೇವಿ ರೊಟ್ಟಿ ಬಡಿದು ಹಾಕಿದರು. ತಟ್ಟೆ ಹಾಗೇ ಬಿಟ್ಟು ಅವನು ನಿಲ್ದಾಣಕ್ಕೆ ನಡೆದ. ಗಾಡಿ ಹತ್ತಿದವನೇ ರಶ್ಮಿಗೆ ಫೋನ್ ಮಾಡಿ, ಎರಡೂ ಗಾಡಿ ತಾಂಡೂರಿನಲ್ಲಿ ಎರಡು ನಿಮಿಷ ನಿಲ್ಲುತ್ತವೆಂದು ಹೇಳಿದ. ಅವಳು ತನ್ನ ಬೋಗಿ ಹೇಳಿದಳು. ಇವನು ನಾಲ್ಕು ಬೋಗಿ ದಾಟಿ, ಒಬ್ಬ ಮುದುಕನ ಕೈಕಾಲು ಹಿಡಿದು, ಅವಳ ಗಾಡಿ ನಿಲ್ಲುವ ಬದಿಯ ಕಿಟಕಿ ಗಿಟ್ಟಿಸಿಕೊಂಡ.

ತಾಂಡೂರಿನಲ್ಲಿ ಎರಡು ಗಾಡಿಗಳೂ ಎದುರುಬದುರು ನಿಂತವು. ಒಂದು ಕಿಟಕಿ ಹಿಂದಕ್ಕೆ ಅವಳಿದ್ದಳು. ಮದುವೆಯ ಸೀರೆ, ಮೇಲೆ ಅವನ ಶಾಲು, ಕೊರಳಲ್ಲಿ ತೆಗೆಯಲು ಮರೆತ ಚೆಂಡುಹೂವಿನ ಮಾಲೆ.

"ಹೊಟ್ಟಿ ಹ್ಯಾಂಗೈತ್ರಿ?" ಎಂದು ಕೂಗಿದಳು.

"ಹೊಟ್ಟಿಗೆ ಏನೂ ಆಗಿಲ್ಲ. ನೀ ಊಟ ಮಾಡೀಯೇನು?"

"ಮಾಡೀನಿ. ನೀವು?"

"ಹೂಂ."

ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಮಲ್ಲಿಗೆ ಹಿಡಿದ ಕೈಯನ್ನು ಸರಳುಗಳ ನಡುವಿನಿಂದ ಚಾಚಿದ. ಅವಳೂ ಚಾಚಿದಳು. ನಡುವೆ ಒಂದು ತೋಳಿನಷ್ಟು ಗಾಳಿ ಉಳಿಯಿತು. ಎರಡೂ ಬೋಗಿಯ ಜನ ಕಡ್ಲೆಕಾಯಿ ತಿನ್ನುವುದನ್ನು ನಿಲ್ಲಿಸಿ ನೋಡುತ್ತಿದ್ದರು.

"ಮುಂದಿನ ಆಫ್ ಯಾವಾಗ?"

"ಹದಿನೆಂಟಕ್ಕ ಐತಿ. ಮಂಗಳವಾರ."

ಸೀಟಿ ಊದಿತು. ಅವಳು ಶಾಲನ್ನು ತಲೆಯ ಮೇಲೆ ಎಳೆದುಕೊಂಡಳು. ಗಾಡಿ ಅಲುಗಿತು. ಹೊರಟದ್ದು ತನ್ನದೋ ಅವಳದೋ ಎಂದು ಒಂದು ಕ್ಷಣ ಕಲ್ಲೇಶನಿಗೆ ತಿಳಿಯಲಿಲ್ಲ. ಆ ಒಂದು ಕ್ಷಣ ಅವನು ತನ್ನ ಗಾಡಿ ಇನ್ನೂ ನಿಂತೇ ಇದೆಯೆಂದುಕೊಂಡು ಅವಳನ್ನು ನೋಡುತ್ತಿದ್ದ.