ದೋಣಿಯವನ ಔತಣ

ಎಲ್ಲಕ್ಕೂ ಕಾರಣ ಬಸ್ಯೂನಿಯ ನಾಲಿಗೆ. ಮನುಷ್ಯ ಕೆಟ್ಟವನಲ್ಲ. ಬಂದರಿನ ಕಚೇರಿಯಲ್ಲಿ ಇಪ್ಪತ್ತೇಳು ವರ್ಷ ಕಾಗದಗಳಿಗೆ ಮೊಹರು ಒತ್ತಿ, ಒಬ್ಬರಿಗೂ ಕೇಡು ಬಗೆಯದವನು. ಆದರೆ ಕೈಯಲ್ಲಿ ತಿನ್ನುವ ವಸ್ತುವಿದ್ದಾಗ ಯಾರಾದರೂ ಕಣ್ಣಿಗೆ ಬಿದ್ದರೆ "ಬನ್ನಿ, ಊಟ ಮಾಡೋಣ" ಎನ್ನದೆ ಇರಲು ಅವನಿಂದಾಗದು. ಅಲೆಕ್ಸಾಂಡ್ರಿಯಾದಲ್ಲಿ ಈ ಕಾಯಿಲೆ ನಮಗೆಲ್ಲ ಇದೆ ಬಿಡಿ. ಕರೆಯುವುದು ಇವನ ಧರ್ಮ. "ದೇವರು ಹೆಚ್ಚಿಸಲಿ, ನೀವು ಉಣ್ಣಿ" ಎಂದು ಮುಂದೆ ನಡೆಯುವುದು ಅವರ ಧರ್ಮ. ಇದಕ್ಕೆ ದೋಣಿಯವನ ಔತಣ ಅನ್ನುತ್ತೇವೆ. ನೀರಿನ ನಡುವೆ ದೋಣಿಯಲ್ಲಿ ಕೂತು ಉಣ್ಣುವವನು ದಡದಲ್ಲಿದ್ದವನನ್ನು ಊಟಕ್ಕೆ ಕೂಗುತ್ತಾನೆ. ಅವನು ಬರುವ ಹಾಗಿಲ್ಲ, ಇವನು ದೋಣಿ ತಿರುಗಿಸುವುದಿಲ್ಲ. ಇಬ್ಬರ ಮಾನವೂ ಉಳಿಯುತ್ತದೆ, ಊಟವೂ ಉಳಿಯುತ್ತದೆ.

ಆ ಶುಕ್ರವಾರ ಊಟ ಉಳಿಯಲೇಬೇಕಿತ್ತು. ಮಗಳು ಸಹರ್‌ಗೆ ಮೂವತ್ತೊಂದು ವರ್ಷ. ಎರಡು ಸಂಬಂಧ ಬಂದು ಮುರಿದುಬಿದ್ದಿದ್ದವು. ಮೂರನೆಯದು, ಹಗ್ಗ ಮತ್ತು ಬಲೆಯ ಅಂಗಡಿಯ ಮೆತ್ವಲ್ಲಿಯ ಮಗ ರಾಗಿಬ್. ಹುಡುಗ ಒಪ್ಪಿಗೆಯೆಂದು ಸಹರ್ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಆ ವಾರವೆಲ್ಲ ಅವಳು ಪಾತ್ರೆ ತೊಳೆಯುತ್ತಾ ಹಾಡು ಗುನುಗುತ್ತಿದ್ದುದು ಬಸ್ಯೂನಿಯ ಕಿವಿಗೆ ಬಿದ್ದಿತ್ತು. ಗಂಡಿನ ಕಡೆಯವರು ಮೂರು ಗಂಟೆಗೆ ಊಟಕ್ಕೆ ಬರುವುದು, ಉಂಡೆದ್ದು ಕುರಾನಿನ ಫಾತಿಹಾ ಓದಿ ನಿಶ್ಚಯ ಮಾಡುವುದು ಎಂದು ಮಾತಾಗಿತ್ತು. ಮೆತ್ವಲ್ಲಿ ತುಂಬ ಮರ್ಯಾದಸ್ಥ. ಅಂದರೆ, ತನ್ನ ಮರ್ಯಾದೆಗೆ ಎಲ್ಲಿ ಕುಂದು ಬಂತೆಂದು ದಿನವಿಡೀ ಹುಡುಕುತ್ತಿರುವ ಜಾತಿ.

ಮನೆಯ ಒಲೆಗೆ ಹಿಡಿಸದ ತೋಳುದ್ದದ ಮೀನನ್ನು ಬಸ್ಯೂನಿ ಬೀದಿಯ ಬೇಕರಿಯಲ್ಲಿ ಬೇಯಿಸಿಕೊಂಡ. ಬೇಕರಿಯವನು ಬೆಂಕಿ ಆರಿಸಿ, ಬಾಗಿಲೆಳೆದು ಮನೆಗೆ ಹೋದ. ಇರುವ ಒಂದೇ ಸೂಟು ತೊಟ್ಟು, ಟೈ ಕಟ್ಟಿ ಬಂದಿದ್ದ ಬಸ್ಯೂನಿ ತಟ್ಟೆ ಎತ್ತಿಕೊಂಡು ಮನೆಗೆ ಹೊರಟ. ಬೆಳ್ಳುಳ್ಳಿ, ಜೀರಿಗೆಯ ಘಮ ಬೀದಿಗೆಲ್ಲ ಹರಡಿತು. ಕ್ಷೌರದವನಿಗೆ "ಬಾರಯ್ಯ ಊಟಕ್ಕೆ" ಅಂದ. ಚಹಾ ಅಂಗಡಿಯ ಮುಂದೆ ಕೂತ ನಾಲ್ವರಿಗೆ ಅಂದ. ಪೊಲೀಸಿನವನಿಗೂ ಅಂದ. ಎಲ್ಲರೂ ಎದೆ ಮುಟ್ಟಿಕೊಂಡು ದೇವರು ಹೆಚ್ಚಿಸಲಿ ಅಂದರು.

ಟ್ರಾಮ್ ನಿಲ್ದಾಣದ ಮೂಲೆಯಲ್ಲಿ ಬೆನ್ನಿಗೆ ಚೀಲ ಹೊತ್ತ ಇಬ್ಬರು ಪರದೇಶದ ಪ್ರವಾಸಿಗಳು ಮೀನನ್ನೇ ನೋಡುತ್ತ ನಿಂತಿದ್ದರು. ಬಸ್ಯೂನಿಯ ನಾಲಿಗೆ ತಾನಾಗಿ ತಿರುಗಿತು. "ಬನ್ನಿ, ಊಟ ಮಾಡೋಣ."

"ಮಹನೀಯರೇ, ತಮ್ಮ ಆಹ್ವಾನವನ್ನು ನಾವು ಸಂತೋಷದಿಂದ ಸ್ವೀಕರಿಸುತ್ತೇವೆ" ಅಂದ ಗಂಡಸು.

ಅವನ ಹೆಸರು ಆರ್ನೆ, ಹೆಂಡತಿ ಸಿಗ್ರಿಡ್, ದೇಶ ನಾರ್ವೆ. ಪುಸ್ತಕ ಓದಿ ಅರಬ್ಬಿ ಕಲಿತಿದ್ದ. ಪುಸ್ತಕದಲ್ಲಿ ಮಾತುಗಳೆಲ್ಲ ಇದ್ದವು. ಯಾವ ಮಾತನ್ನು ನಂಬಬಾರದು ಅನ್ನುವುದು ಇರಲಿಲ್ಲ.

ಬಸ್ಯೂನಿ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. "ಸಂತೋಷ, ಸಂತೋಷ... ಮೀನು ಸ್ವಲ್ಪ ಚಿಕ್ಕದು."

"ನಾವು ಅಲ್ಪಾಹಾರಿಗಳು."

"ಇವತ್ತು ಮನೆಗೆ ಇನ್ನೂ ಕೆಲವರು ಬರ್ತಾರೆ."

"ಅವರನ್ನೂ ಕಾಣಲು ನಾವು ಉತ್ಸುಕರಾಗಿದ್ದೇವೆ."

ಕರೆದವನು ಕರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದುಂಟೇ? ತಟ್ಟೆ ಮುಂದೆ, ಚೀಲಗಳು ಹಿಂದೆ. ಮನೆಯ ಕೆಳಗೆ ಕುರ್ಚಿ ಹಾಕಿ ಕೂತಿದ್ದ ನೆರೆಯ ಹಾಜಿ ದಸೂಕಿ ಕಣ್ಣರಳಿಸಿದ.

"ಏನಯ್ಯಾ ಬಸ್ಯೂನಿ, ಹಡಗೇ ಇಳಿದು ಬಂದಂಗಿದೆ ನಿಮ್ಮನೆಗೆ!"

"ಹಾಜಿ, ಕೈ ಮುಗೀತೀನಿ" ಎಂದು ಬಸ್ಯೂನಿ ಪಿಸುಗುಟ್ಟಿದ. "ಏನಾದ್ರೂ ಹೇಳಿ ಇವರನ್ನ ಸಾಗಹಾಕಿ. ಮೂರು ಗಂಟೆಗೆ ಮೆತ್ವಲ್ಲಿ ಬರ್ತಾನೆ."

"ಥೂ! ಬಂದ ಅತಿಥೀನ ಸಾಗಹಾಕೋದಾ? ಬೀದಿ ಮಾನ ಏನಾಗ್ಬೇಕು? ನಡಿ, ನಾನೇ ಜತೆಗೆ ಬರ್ತೀನಿ. ಏ ಇವಳೇ, ಉಮ್ ಹಮಾದಾ! ಚಪ್ಪಲಿ ಮೆಟ್ಕೊಂಡು ಬಾ, ಪರದೇಶದವರು ಬಂದವ್ರೆ!" ಎಂದು ಹೆಂಡತಿಯನ್ನೂ ಕೂಗಿದ.

ಮೂರನೇ ಮಹಡಿಯಲ್ಲಿ ಬಾಗಿಲು ತೆಗೆದ ಹೆಂಡತಿ ಇನ್ಶಿರಾಹ್ ನಾಲ್ಕು ತಲೆ ಎಣಿಸಿ ಗಂಡನನ್ನು ಅಡುಗೆಮನೆಗೆ ಎಳೆದಳು.

"ಯಾರ್ರೀ ಇವರು?"

"ನಾನು ಕರೆದೆ ಕಣೇ."

"ಊರನ್ನೇ ಕರೀತೀರಿ, ಅದು ಗೊತ್ತು. ಇವರು ಬಂದಿದ್ದು ಯಾಕೆ?"

"ಅದೇ ನಂಗೂ ಅರ್ಥ ಆಗ್ತಿಲ್ಲ."

ಇನ್ಶಿರಾಹ್ ಬುದ್ಧಿವಂತೆ. ಮೀನನ್ನು ಎರಡು ಮಾಡಿ, ತಲೆಯ ಕಡೆಯ ದೊಡ್ಡ ಭಾಗವನ್ನು ಟವೆಲ್ಲು ಮುಚ್ಚಿ ಒಲೆಯ ಹಿಂದೆ ಇಟ್ಟಳು. ಬಾಲದ ಭಾಗ ಮೇಜಿಗೆ ಹೋಯಿತು.

ಇಲ್ಲಿ ಇನ್ನೊಂದು ಎಡವಟ್ಟು. ನಮ್ಮಲ್ಲಿ ಅತಿಥಿ ತಟ್ಟೆಯಲ್ಲಿ ನಾಲ್ಕು ತುತ್ತು ಬಿಡಬೇಕು; ಬಿಟ್ಟರೆ ಹೊಟ್ಟೆ ತುಂಬಿತೆಂದು ಅರ್ಥ. ಖಾಲಿ ತಟ್ಟೆ ಕಂಡರೆ ಬಡಿಸದವನು ಮನುಷ್ಯನೇ ಅಲ್ಲ. ನಾರ್ವೆಯವರಿಗೆ ತಟ್ಟೆಯಲ್ಲಿ ಬಿಡುವುದೇ ಅಪಚಾರವಂತೆ. ಅವರು ಬಳಿದು ತಿಂದರು. ಬಸ್ಯೂನಿ ಬಡಿಸಿದ. ಅವರು ಮತ್ತೆ ಬಳಿದರು. ಆರ್ನೆಯ ಹಣೆಯಲ್ಲಿ ಬೆವರೊಡೆಯಿತು, ಸಿಗ್ರಿಡ್ ಸೊಂಟದ ಪಟ್ಟಿ ಸಡಿಲಿಸಿದಳು. ಪಾಪ, ಮನೆಯವರಿಗೆ ಬೇಸರವಾಗಬಾರದೆಂದು ತಿನ್ನುತ್ತಲೇ ಇದ್ದರು. ಹಾಜಿಗೆ ಅಂಥ ಯಾವ ಕಷ್ಟವೂ ಇರಲಿಲ್ಲ, ಸುಮ್ಮನೆ ತಿಂದ. ಬಾಲ ಮುಗಿಯಿತು.

ಇನ್ನೇನು ಏಳುತ್ತಾರೆ ಅನ್ನುವಾಗ ಅಡುಗೆಮನೆಯಿಂದ ಉಮ್ ಹಮಾದಾಳ ಕೂಗು ಕೇಳಿಸಿತು. "ಅಯ್ಯೋ ನಮ್ಮವ್ವಾ ಇನ್ಶಿರಾಹ್! ಗಡಿಬಿಡೀಲಿ ಅರ್ಧ ಮೀನು ಮರೆತೇಬಿಟ್ಟಿದ್ಯಲ್ಲೇ! ಒಲೆ ಹಿಂದೆ ಬಿದ್ದಿತ್ತು, ನಾನು ನೋಡಿದ್ದಕ್ಕೆ ಸರಿಹೋಯ್ತು." ಟವೆಲ್ಲು ತೆಗೆದ ಮೀನು ಮೆರವಣಿಗೆಯಲ್ಲಿ ಬಂದು ಮೇಜಿನ ಮೇಲೆ ಕೂತಿತು. ಇನ್ಶಿರಾಹ್ ನಕ್ಕಳು. ಆ ನಗು ನೋಡಿದ ಬಸ್ಯೂನಿಗೆ ರಾತ್ರಿ ತನಗೇನು ಕಾದಿದೆ ಅನ್ನುವುದು ಗೊತ್ತಾಯಿತು.

ಮೂರಕ್ಕೆ ಹತ್ತು ನಿಮಿಷವಿದ್ದಾಗ ತಲೆಯೊಂದೇ ಉಳಿದಿತ್ತು. ಕೃತಜ್ಞತೆ ಹೇಳಲು ಸಿಗ್ರಿಡ್ ಧಡಕ್ಕನೆ ಎದ್ದಳು. ತಹೀನಿ ಎಂಬ ಎಳ್ಳಿನ ಗೊಜ್ಜಿನ ಬಟ್ಟಲು ಬಸ್ಯೂನಿಯ ತೊಡೆಯ ಮೇಲೆ ಮಗುಚಿಬಿತ್ತು. ಇನ್ಶಿರಾಹ್ ಪ್ಯಾಂಟು ಬಿಚ್ಚಿಸಿಕೊಂಡು ಬಚ್ಚಲಿಗೆ ಓಡಿದಳು. ಇನ್ನೆರಡು ಪ್ಯಾಂಟು ಇಸ್ತ್ರಿ ಅಂಗಡಿಯಲ್ಲಿದ್ದವು, ಶುಕ್ರವಾರ ಅದಕ್ಕೆ ಬೀಗ. ಮೇಲೆ ಕೋಟು ಟೈ, ಕೆಳಗೆ ಮೊಣಕಾಲಲ್ಲಿ ತೂತಾದ ಪಟ್ಟೆ ಪೈಜಾಮ ತೊಟ್ಟು ಬಸ್ಯೂನಿ ನಿಂತಿರುವಾಗ ಬೀದಿಯಲ್ಲಿ ಕಾರು ನಿಂತಿತು.

ಮೆತ್ವಲ್ಲಿ ಇಳಿದ. ಅವನ ಹೆಂಡತಿ ಇಳಿದಳು. ಹೊಸ ಅಂಗಿ ತೊಟ್ಟ ರಾಗಿಬ್ ಕೆಂಪು ರಿಬ್ಬನ್ನಿನ ಸಿಹಿಯ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಇಳಿದ. ಮೂವರೂ ಹೊಸ್ತಿಲ ಹೊರಗೆ ನಿಂತು ತಲೆಯೆತ್ತಿದರು. ಬೀಗರಾಗುವವರನ್ನು ಮನೆಯ ಯಜಮಾನ ಕೆಳಗಿಳಿದು, ಕೈಹಿಡಿದು ಕರೆದುಕೊಂಡು ಬರಬೇಕು. ಇಳಿಯದವನ ಕರೆ ಕರೆಯೇ ಅಲ್ಲ.

ಪೈಜಾಮದಲ್ಲಿ ಇಳಿಯುವುದು ಹೇಗೆ? ಬಸ್ಯೂನಿ ಬಾಲ್ಕನಿಗೆ ಓಡಿದ. ಕಟ್ಟೆ ಎದೆಮಟ್ಟ. ಕೆಳಗಿನವರಿಗೆ ಕಂಡದ್ದು ಕೋಟು, ಟೈ, ಎಲ್ಲ ಸರಿಯಾಗಿರುವ ಒಬ್ಬ ಮನುಷ್ಯ.

"ಬನ್ನಿ, ಮೇಲೆ ಬನ್ನಿ! ಊಟ ಮಾಡೋಣ!" ಜೀವ ಬಾಯಿಗೆ ಬಂದವನ ಹಾಗೆ ಕೂಗಿದ.

ಮೆತ್ವಲ್ಲಿ ಅಲ್ಲಾಡಲಿಲ್ಲ.

"ನನ್ನ ಕಣ್ಣಾಣೆ, ಬನ್ನಿ! ನಿಮಗೋಸ್ಕರವೇ ಕಾಯ್ತಿದ್ದೀವಿ!"

ಅಷ್ಟರಲ್ಲಿ ಹಾಜಿ ದಸೂಕಿ ಸಹಾಯಕ್ಕೆ ಧಾವಿಸಿದ. ಪಕ್ಕದಲ್ಲಿ ನಿಂತು, ಕೈಯಲ್ಲಿದ್ದ ಮೀನಿನ ತಲೆಯನ್ನೇ ಬೀಸುತ್ತ, ತುಂಬಿದ ಬಾಯಲ್ಲಿ ಅರಚಿದ. "ಬರ್ರಿ ಬರ್ರಿ, ಊಟ ಬಲೇ ಚೆನ್ನಾಗಿತ್ತು!" ಅವನ ಹಿಂದೆ ಆರ್ನೆ ಮತ್ತು ಸಿಗ್ರಿಡ್ ಕೈಯಾಡಿಸಿದರು.

ಮೆತ್ವಲ್ಲಿಯ ಮುಖ ಬಿಗಿಯಿತು. ಎದೆಯ ಮೇಲೆ ಕೈಯಿಟ್ಟು, ಇಡೀ ಬೀದಿಗೆ ಕೇಳುವ ಹಾಗೆ, ನಯವಾಗಿ ಹೇಳಿದ. "ದೇವರು ಹೆಚ್ಚಿಸಲಿ, ಬಸ್ಯೂನಿಯವರೇ. ನೀವು ಉಣ್ಣಿ."

ಹೆಂಡತಿಯನ್ನು ಕಾರಿಗೆ ಹತ್ತಿಸಿದ. ರಾಗಿಬ್ ಒಮ್ಮೆ ಮೇಲೆ ನೋಡಿದ, ಒಮ್ಮೆ ಅಪ್ಪನನ್ನು ನೋಡಿದ, ಪೆಟ್ಟಿಗೆ ಹಿಡಿದುಕೊಂಡೇ ಒಳಗೆ ಕೂತ. ಬಸ್ಯೂನಿ ಮಾನ ಬಿಟ್ಟು ಪೈಜಾಮದಲ್ಲೇ ಮೆಟ್ಟಿಲಿಳಿದು ಓಡಿದ. ಬೀದಿಗೆ ಬಂದಾಗ ಅಲ್ಲಿದ್ದದ್ದು ಕಾರಿನ ಹೊಗೆ ಮತ್ತು ಅವನ ಪೈಜಾಮ ನೋಡುತ್ತಿದ್ದ ಕ್ಷೌರದವನು.

ಮೇಲೆ ಬಂದಾಗ ಸಹರ್ ನಡುಮನೆಯಲ್ಲಿ ನಿಂತಿದ್ದಳು. ಕಿವಿಯಲ್ಲಿ ಅಮ್ಮನ ಓಲೆ ಇತ್ತು. ಅವಳು ಅಳಲಿಲ್ಲ, ಅತ್ತಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ನಿಜವಾಗಿ ಕರೆದೆ ಕಣಮ್ಮಾ" ಅಂದ. "ಈ ಸಲ ನಿಜವಾಗಿ ಕರೆದೆ."

"ಅವರಿಗೆ ಹೇಗೆ ಗೊತ್ತಾಗ್ಬೇಕಪ್ಪಾ?" ಅಂದಳು ಸಹರ್. "ದಿನಾ ಹೀಗೇ ಕೂಗ್ತೀಯ."

ಹಾಜಿ ದಂಪತಿಗಳು ಬೆಕ್ಕಿನ ಹೆಜ್ಜೆಯಲ್ಲಿ ಜಾರಿಕೊಂಡರು. ಏನೋ ಸರಿಯಿಲ್ಲವೆಂದು ಪ್ರವಾಸಿಗಳಿಗೂ ಹೊಳೆದಿರಬೇಕು. ಚೀಲ ಹೆಗಲಿಗೇರಿಸಿ ಎದ್ದರು. ಆರ್ನೆ ತಲೆಬಾಗಿದ. "ತಮಗೆ ಬಹಳ ಶ್ರಮ ಕೊಟ್ಟೆವು. ನಮಗೆ ಅಪ್ಪಣೆ ಕೊಡಿ."

ಬಸ್ಯೂನಿಗೆ ಅವರ ಕಡೆ ನೋಡುವ ಮನಸ್ಸೂ ಇರಲಿಲ್ಲ. ಹೋಗಲಿ, ಈಗಲೇ ಹೋಗಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದ. ಆದರೆ ಎದ್ದು ನಿಂತ ಅತಿಥಿಯನ್ನು ಕಂಡು ಐವತ್ತೆಂಟು ವರ್ಷದ ನಾಲಿಗೆ ಸುಮ್ಮನಿರಬೇಕಲ್ಲ.

"ಛೆ ಛೆ, ಇಷ್ಟು ಬೇಗ? ಇನ್ನೂ ಹೊತ್ತಿದೆ, ಕೂತ್ಕೊಳ್ಳಿ. ಈ ಮನೆ ನಿಮ್ಮದೇ."

ಗಂಡಹೆಂಡಿರು ಮುಖಮುಖ ನೋಡಿಕೊಂಡರು. "ತಮ್ಮ ಮಾತನ್ನು ನಾವು ಮೀರಲಾರೆವು" ಅಂದ ಆರ್ನೆ. ಚೀಲಗಳು ಕೆಳಗಿಳಿದವು.

ಸಹರ್ ಒಳಗೆ ಹೋದಳು. ನಿಶ್ಚಯಕ್ಕೆಂದು ಬೆಳಿಗ್ಗೆ ಕಲಸಿಟ್ಟಿದ್ದ ಗುಲಾಬಿ ಶರಬತ್ತನ್ನು ಗಾಜಿನ ಲೋಟಗಳಲ್ಲಿ ತುಂಬಿ ತಂದು ಅವರ ಮುಂದಿಟ್ಟಳು.

"ಕುಡೀರಿ" ಅಂದಳು. ಒಂದೇ ಸಲ ಅಂದಳು. ಅವರು ಕುಡಿದರು.