ಶಶಿಕಾಂತನ ಮೋಡಿ ಕಾಗದಗಳು

ಮಾಳಿಗೆಯ ಮೇಲೆ ಕಲ್ಲು ಕಡಿಮೆ ಬಿದ್ದವು. ಆ ದಿನದ ಗದ್ದಲಕ್ಕೆಲ್ಲ ಅದೇ ಮೂಲ.

ಬನಹಟ್ಟಿಯ ನೇಕಾರ ಓಣಿಯಲ್ಲಿ ಶಶಿಕಾಂತನ ಮನೆ. ಜವಳಿ ಅಂಗಡಿಯಲ್ಲಿ ಬಿಲ್ಲು ಬರೆಯುವುದು ಅವನ ಕೆಲಸ, ಹಳೆಯ ಕಾಗದ ಕೂಡಿಹಾಕುವುದು ಅವನ ಹುಚ್ಚು. ಜಮಖಂಡಿಯ ರದ್ದಿ ಅಂಗಡಿ, ಮುಧೋಳದ ಹಾಳು ವಾಡೆ, ಬೀಳಗಿಯಲ್ಲಿ ಯಾರದೋ ಅಟ್ಟ, ಎಲ್ಲಿ ಹಳದಿ ತಿರುಗಿದ ಕಾಗದ ಕಂಡರೂ ಮದುವೆಮನೆಯ ಹುಡುಗರು ಪೇಡೆ ತಟ್ಟೆಯ ಮೇಲೆ ಬಿದ್ದಂತೆ ಬೀಳುತ್ತಿದ್ದ. ಸಂಸ್ಥಾನದ ಕಾಲದ ಹೊಲದ ಪತ್ರಗಳು, ಕೆಲಸ ಕಲಿಯಲು ಹುಡುಗರನ್ನು ಒಪ್ಪಿಸಿಕೊಟ್ಟ ಶಾಗಿರ್ದ ಪತ್ರಗಳು, ಮನುಷ್ಯರನ್ನೇ ಬರೆದುಕೊಟ್ಟ ಜೀತದ ಪತ್ರಗಳು, ಹೀಗೆ ಒಂದು ಟ್ರಂಕು ತುಂಬಿತ್ತು. ಎಲ್ಲವೂ ಮೋಡಿ ಲಿಪಿಯಲ್ಲಿದ್ದವು. ಮೋಡಿ ಎಂದರೆ ಆಗಿನ ಗುಮಾಸ್ತರು ಲೇಖನಿ ಎತ್ತದೆ ಎಳೆಯುತ್ತಿದ್ದ ಮರಾಠಿ ಬರಹ. ದೂರದಿಂದ ನೋಡಿದರೆ ತಟ್ಟೆಯಲ್ಲಿ ಶಾವಿಗೆ ಚೆಲ್ಲಿದಂತೆ ಕಾಣುತ್ತದೆ.

ಶಶಿಕಾಂತನಿಗೆ ಹತ್ತಿರದಿಂದ ನೋಡಿದರೂ ಹಾಗೆಯೇ ಕಾಣುತ್ತಿತ್ತು. ಅವನಿಗೆ ಮೋಡಿ ಓದಲು ಬರುತ್ತಿರಲಿಲ್ಲ. ಮಾರಿದವರು ಹೇಳಿದ್ದನ್ನು ಚೀಟಿಯಲ್ಲಿ ಬರೆದು ಅಂಟಿಸುತ್ತಿದ್ದ. ಅವರು ಹೇಳದಿದ್ದರೆ ತನಗೆ ತೋಚಿದ್ದನ್ನು ಬರೆಯುತ್ತಿದ್ದ. ಒಂದೇ ಒಂದು ಶಬ್ದ ಮಾತ್ರ ಅವನಿಗೆ ಗುರುತಿತ್ತು. ಅದು ಅವನ ಮುತ್ತಜ್ಜನ ಹೆಸರು, ಶಿವಯೋಗಿ. ದುಂಡು ಮುದ್ರೆಯಿದ್ದ ಒಂದು ಕಾಗದದಲ್ಲಿ ಆ ಹೆಸರು ಇತ್ತು. ಮುದ್ರೆಯಿದೆ, ಹೆಸರಿದೆ, ಅಂದಮೇಲೆ ಅದು ಸಂಸ್ಥಾನದವರು ಮುತ್ತಜ್ಜನಿಗೆ ಕೊಟ್ಟ ಇನಾಮು ಹೊಲದ ಪತ್ರವೇ ಎಂದು ಶಶಿಕಾಂತ ತೀರ್ಮಾನಿಸಿದ್ದ. ಓಣಿಗೆಲ್ಲ ಹೇಳಿಯೂ ಆಗಿತ್ತು.

ಆ ದಿನ ಮಧ್ಯಾಹ್ನದ ಮೇಲೆ ಧಾರವಾಡದ ಒಂದು ಸಂಗ್ರಹಾಲಯದಿಂದ ಮಧುಮತಿ ಮೇಡಂ ಬರುವವರಿದ್ದರು. ಕಾಗದಗಳು ಮನಸ್ಸಿಗೆ ಬಂದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಮೇಲೆ ಕೊಟ್ಟವರ ಹೆಸರಿನ ಫಲಕ ಹಾಕುವುದಾಗಿ ಹೇಳಿದ್ದರು. ಇಷ್ಟು ವರ್ಷ ‘ರದ್ದಿ ಶಶ್ಯಾ’ ಅನ್ನಿಸಿಕೊಂಡವನಿಗೆ ಆ ಫಲಕದ ಮೇಲೆ ‘ಇನಾಮದಾರ ಶಿವಯೋಗಿಯ ಮರಿಮೊಮ್ಮಗ’ ಎಂದು ಕಾಣಬೇಕಿತ್ತು. ಅದಕ್ಕೇ ಬೆಳಿಗ್ಗೆ ಎದ್ದವನೇ ಹುಳ ಬೀಳದಿರಲಿ ಎಂದು ಕಾಗದಗಳನ್ನು ಮಾಳಿಗೆಯ ಬಿಸಿಲಿಗೆ ಹರವಿ, ಮೇಲೆ ಕಲ್ಲು ಹೇರಿ, ಹಜಾಮತಿಗೆ ಹೋದ.

ಅವನ ಹೆಂಡತಿ ರಂಜನಾ ಶಾವಿಗೆ ಒಣಹಾಕಲು ಮೇಲೆ ಬಂದಳು. ಹಾಸಿದ ಸೀರೆ ಗಾಳಿಗೆ ಏಳುತ್ತಿತ್ತು. ಸುತ್ತ ನೋಡಿದಳು. ಕಾಗದಕ್ಕೆ ಇಷ್ಟೊಂದು ಕಲ್ಲು ಯಾಕೆ ಅನ್ನಿಸಿತು. ತೆಗೆದು ಸೀರೆಯ ಮೂಲೆಗಳಿಗೆ ಇಟ್ಟಳು.

ಶಶಿಕಾಂತ ಅರ್ಧ ಗಡ್ಡದಲ್ಲಿದ್ದಾಗ ಗಾಳಿ ಬೀಸಿತು. ಉಳಿದರ್ಧ ಹಾಗೇ ಬಿಟ್ಟು ಓಡಿಬಂದಾಗ ಮೋಡಿ ಕಾಗದಗಳು ಓಣಿಯ ಮೇಲೆ ಕೊಕ್ಕರೆಗಳಂತೆ ಹಾರಾಡುತ್ತಿದ್ದವು.

“ಕಲ್ಲ ಎಲ್ಲಿ ಹೋದವು?”

“ಶಾವಿಗಿ ಮ್ಯಾಲ ಅದಾವ. ಶಾವಿಗಿ ಹಾರಿಹೋದ್ರ ವರ್ಷಪೂರ್ತಿ ಏನ ತಿಂತೀರಿ, ಕಾಗದಾ?” ಎಂದಳು ರಂಜನಾ. ಗಂಡನ ಮುಖ ನೋಡಿ ಕರುಳು ಚುರ್‍ರೆಂದು, ಮಾಳಿಗೆಯ ಅಂಚಿಗೆ ಹೋಗಿ ಪಕ್ಕದ ಮನೆಯ ಅಂಗಳಕ್ಕೆ ಕೂಗಿದಳು: “ಗುರುಬಾಯಿ ಆಯೀ, ನಮ್ಮವರ ಮೋಡಿ ಕಾಗದಾ ನಿಮ್ಮ ಅಂಗಳದಾಗ ಬಿದ್ದೈತ್ರಿ. ಮುಟ್ಟಬ್ಯಾಡ್ರಿ, ಅವರ ಬರಾಕತ್ತಾರ.”

ಒಳ್ಳೆಯ ಮನಸ್ಸಿನಿಂದ ಕೂಗಿದಳು. ಆದರೆ ಆ ಕಡೆ ಮೋಡಿ ಎಂದರೆ ಮಾಟ-ಮಂತ್ರ. ಅದರ ಮೇಲೆ ‘ಮುಟ್ಟಬ್ಯಾಡ್ರಿ’ ಬೇರೆ.

ಶಶಿಕಾಂತ ಅಂಗಳಕ್ಕೆ ಕಾಲಿಡುವಷ್ಟರಲ್ಲಿ ಗುರುಬಾಯಿ ಕಾಗದದ ಸುತ್ತ ಬೂದಿಯ ಗೆರೆ ಎಳೆದು, ನಡುವೆ ನಿಂಬೆಹಣ್ಣು ಇಟ್ಟು, ಒಣಮೆಣಸಿನಕಾಯಿ ಸುಡುತ್ತಿದ್ದಳು. ಓಣಿಯಲ್ಲಿ ಹಳೆಯ ಮಗ್ಗದ ಮನೆಯೆಂದರೆ ಅವಳದೇ. ಈಗ ಅಲ್ಲಿ ವಿದ್ಯುತ್ ಮಗ್ಗಗಳಿವೆ. ಅವೆಲ್ಲ ಗಪ್ಪಾಗಿ ನಿಂತಿದ್ದವು.

“ಶಶ್ಯಾ, ಸಣ್ಣಾಂವ ಇದ್ದಾಗ ನಿನಗ ಶೇಂಗಾ ಉಂಡಿ ಕೊಟ್ಟೇನಿ. ನನ್ನ ಮನಿಗೇ ಮೋಡಿ ಹಾಕ್ತಿ?”

“ಆಯಿ, ಇದು ಆ ಮೋಡಿ ಅಲ್ಲ. ಇದು ಬರೇ ಅಕ್ಷರ.”

“ಅಕ್ಷರದ್ದ ಭಾಳ ಕೆಟ್ಟ ತಮ್ಮಾ. ಬಾಯಿಲೆ ಹಾಕಿದ್ದ ಉದರತೈತಿ, ಬರದ ಹಾಕಿದ್ದ ಉಳೀತೈತಿ. ಕಾಗದಾ ಬಿತ್ತು, ಕರೆಂಟ ಹೋತು. ಇನ್ನೇನ ಸಾಕ್ಷಿ ಬೇಕ?”

ಶಶಿಕಾಂತ ಕೆಮ್ಮುತ್ತಾ, ಕಣ್ಣೊರೆಸಿಕೊಳ್ಳುತ್ತಾ ಬಗ್ಗಿ ಕಾಗದ ಎತ್ತಿಕೊಂಡ. ಅದೇ ಕ್ಷಣಕ್ಕೆ ಕರೆಂಟು ಬಂದು ಒಳಗಿನ ಮಗ್ಗಗಳೆಲ್ಲ ಖಟಪಟ ಶುರುವಾದವು.

ಗುರುಬಾಯಿ ಮೊದಲು ಹೆದರಿ ನೋಡಿದಳು. ಆಮೇಲೆ ಕೈ ಮುಗಿದಳು. ಎರಡನೆಯದೇ ಅವನಿಗೆ ಹೆಚ್ಚು ದಿಗಿಲು ಹುಟ್ಟಿಸಿತು.

“ತಪ್ಪಾತಪಾ. ನಿನ್ನ ಕೈಯಾಗ ಇಷ್ಟ ಐತಿ ಅಂತ ಗೊತ್ತಿರಲಿಲ್ಲ. ಇನ್ನ ನಿನ್ನ ಬಾಯಿಂದ ಬಂದದ್ದು ಸುಳ್ಳಾಗಂಗಿಲ್ಲ.”

ಓಣಿ ದಾಟುವುದರೊಳಗೆ ಸುದ್ದಿ ಅವನಿಗಿಂತ ಮುಂದೆ ಹೋಗಿತ್ತು. ಮೂಲೆಮನೆಯ ಅನಸವ್ವ ಅಳುವ ಕೂಸನ್ನು ಎತ್ತಿಕೊಂಡು ಅಡ್ಡ ನಿಂತಳು.

“ಅಣ್ಣಾರ, ಕೂಸು ಮುಂಜಾನಿಂದ ಒಂದ ಸವನ ಅಳಾಕತ್ತೈತಿ. ಒಂದ ತುಂಡ ಕಾಗದಾ ಹರದ ಕೊಡ್ರಿ, ತಾಯತದಾಗ ಹಾಕ್ತೀನಿ.”

ಹರಿದು ಕೊಡುವ ಮಾತು ಕೇಳಿ ಶಶಿಕಾಂತನಿಗೇ ಅಳು ಬಂತು. ಕೂಸಿನ ಕಡೆ ನೋಡಿದ. ಬೇಸಿಗೆಯ ಆ ಉರಿಯಲ್ಲಿ ಅದಕ್ಕೆ ಉಣ್ಣೆಯ ಟೋಪಿ, ಮೇಲೊಂದು ಕುಲಾಯಿ.

“ಮೊದಲ ಆ ಟೋಪಿ, ಕುಲಾಯಿ ಎರಡೂ ತಗೀ ತಂಗಿ.”

ತೆಗೆದಳು. ಬೆವೆತ ತಲೆಗೆ ಗಾಳಿ ತಾಕಿದ್ದೇ ಕೂಸು ಅಳು ನಿಲ್ಲಿಸಿ, ಅವನ ಅರ್ಧ ಗಡ್ಡ ನೋಡಿ ಬೊಚ್ಚುಬಾಯಿ ತೆರೆದು ನಕ್ಕಿತು. ಅನಸವ್ವ ಅಲ್ಲೇ ಅವನ ಕಾಲಿಗೆರಗಿದಳು.

ಹಂಚಿನ ಮೇಲಿದ್ದವು, ಗಟಾರದ ಅಂಚಿನಲ್ಲಿದ್ದವು, ಬಾಳೆಹಣ್ಣಿನ ಗಾಡಿಯಲ್ಲಿದ್ದವು ಎಲ್ಲ ಸಿಕ್ಕವು. ಸಿಗದಿದ್ದದ್ದು ದುಂಡು ಮುದ್ರೆಯ ಕಾಗದವೊಂದೇ. ಅದು ಎದುರುಮನೆಯ ಹುಲೆಪ್ಪನ ಅಂಗಳದಲ್ಲಿ ಬಿದ್ದಿತ್ತು. ಹುಲೆಪ್ಪನ ಆಡು ಅದರ ಮೂಲೆ ತಿನ್ನುತ್ತಿದ್ದಾಗ ಹುಲೆಪ್ಪ ಮುದ್ರೆ ನೋಡಿ, ಆಡಿನ ಬಾಯಿಂದ ಕಸಿದುಕೊಂಡು, ಬೀರೇಶ್ವರನ ಫೋಟೋದ ಹಿಂದೆ ಇಟ್ಟು, ಊದಿನಕಡ್ಡಿ ಹಚ್ಚಿದ್ದ.

“ಕಾಕಾ, ಅದು ನಂದು. ಕೊಡ್ರಿ.”

“ನಿಂದಾಗಿದ್ರ ನಿನ್ನ ಮನ್ಯಾಗ ಇರತಿತ್ತು. ಚಿಕ್ಕಪಡಸಲಗಿ ಹಾದ್ಯಾಗ ನಮ್ಮ ಮುತ್ಯಾಂದು ಹೊಲಾ ಇತ್ತಂತ. ಪತ್ರಾ ಕಳದಿತ್ತು. ಇವತ್ತ ತಾನಾಗೇ ಹುಡಿಕ್ಕೊಂಡು ಬಂದೈತಿ.”

“ಅದು ನಮ್ಮ ಮುತ್ಯಾನ ಇನಾಮಿನ ಪತ್ರ, ಕಾಕಾ. ಖರೆ ಹೇಳ್ತೀನಿ.”

“ಹೌದ? ಹಂಗಾರ ತಗೋ, ಓದಿ ತೋರಸು,” ಎಂದು ಹುಲೆಪ್ಪ ಫೋಟೋದ ಹಿಂದಿನ ಕಾಗದ ತೆಗೆದು, ಒಂದು ತುದಿ ಬಿಡದೆ ಮುಂದೆ ಹಿಡಿದ.

ಶಶಿಕಾಂತನಿಗೆ ಓದಲು ಬರುತ್ತಿದ್ದದ್ದು ಮುತ್ತಜ್ಜನ ಹೆಸರೊಂದೇ. ಒಂದೇ ಶಬ್ದ ಓದಿ ನಿಂತರೆ ನಗೆಪಾಟಲು. ಮೇಡಂ ಬರುವ ಹೊತ್ತಾಗುತ್ತಿತ್ತು. ಹುಲೆಪ್ಪನಿಗೆ ಜಗತ್ತಿನಲ್ಲಿ ಎರಡೇ ಭಯ ಎಂಬುದು ಓಣಿಗೇ ಗೊತ್ತು. ಒಂದು ಕೆಲಸ, ಇನ್ನೊಂದು ಗುರುಬಾಯಿ. ಶಶಿಕಾಂತ ಕಾಗದವನ್ನು ಕಣ್ಣ ಹತ್ತಿರ ಹಿಡಿದು, ಗಂಟಲು ಸರಿಮಾಡಿಕೊಂಡು, ಎರಡನ್ನೂ ಸೇರಿಸಿ ಒಂದು ಸುಳ್ಳು ಹೆಣೆದ.

“ಹೇಳಬಾರದಂತಿದ್ದೆ. ಕಾಕಾ, ಇದು ಹೊಲದ್ದಲ್ಲ, ಶಾಗಿರ್ದ ಪತ್ರ. ನಿಮ್ಮ ಮುತ್ಯಾ ಗುರುಬಾಯಿ ಆಯಿ ಮನ್ಯಾಗ ನೇಯೂದು ಕಲಿಯಾಕ ನಿಂತಿದ್ದಾ. ಅರ್ಧಾ ಬಿಟ್ಟು ಓಡಿಹೋಗ್ಯಾನ. ಹಿರ್‍ಯಾರು ಬರಕೊಟ್ಟ ಕೆಲಸಾ ಮೊಮ್ಮಕ್ಕಳು ಮುಗಸಬೇಕಾಗತೈತಿ. ಸಂಸ್ಥಾನದ ಮುದ್ರಿ ಐತಿ, ನೋಡ್ರಿ.”

ಹುಲೆಪ್ಪ ಕಾಗದದಿಂದ ಕೈ ಹಿಂದೆ ತೆಗೆದ, ಕಾದ ಹಂಚಿನಿಂದ ತೆಗೆದಂತೆ. “ಒಯ್ಯೋ ಮಾರಾಯಾ. ನಂದಲ್ಲ ಅಂತ ನಾನೂ ಹೇಳಾಕತ್ತಿದ್ದೆ.”

ಗೆದ್ದೆ ಎಂದುಕೊಂಡು ತಿರುಗಿದರೆ ಗೇಟಿನಲ್ಲಿ ಗುರುಬಾಯಿ ನಿಂತಿದ್ದಳು. ಅವನ ಬಾಯಿಂದ ಬಂದದ್ದು ಸುಳ್ಳಾಗುವುದಿಲ್ಲ ಎಂದು ನಂಬಿದ ಮೇಲೆ ಆ ಬಾಯನ್ನು ಬಿಟ್ಟು ದೂರ ಹೋಗುವುದು ಅವಳಿಂದ ಆಗಿರಲಿಲ್ಲ.

“ಹುಲ್ಯಾ, ನಾಳಿ ಹೊತ್ತು ಹೊಂಡೂದ್ರಾಗ ಬಾ. ಮಗ್ಗದ ಕಂಡಿಕಿಗೆ ನೂಲು ಸುತ್ತಾಕ ಯಾರೂ ಇಲ್ಲ. ನೂಲು ಹರದಗಿರದೀ ಮತ್ತ.”

“ಆಯೀ, ಇಂವ ಏನರೆ ಹೇಳ್ತಾನ—”

“ಕರೆಂಟ ತಂದಾಂವ ಹೇಳ್ಯಾನ.”

ಹುಲೆಪ್ಪ ಬೆವೆತುಹೋದ. “ಆ ಧಾರವಾಡದ ಮೇಡಂ ಬಂದು ಓದಲಿ. ಅಲ್ಲೀಮಟಾ ನಾ ಯಾರ ಕಂಡಿಕೀನೂ ಮುಟ್ಟಂಗಿಲ್ಲ.”

ಹೀಗಾಗಿ ಮಧುಮತಿ ಮೇಡಂ ಬಂದಾಗ ಶಶಿಕಾಂತನ ಪಡಸಾಲೆಯಲ್ಲಿ ಅರ್ಧ ಓಣಿ ಕೂತಿತ್ತು. ಬಾಗಿಲಲ್ಲಿ ಆಡೂ ಇತ್ತು. ರಂಜನಾ ಎಲ್ಲರಿಗೂ ಹೊಸ ಶಾವಿಗೆಯ ಪಾಯಸ ಕೊಟ್ಟಳು. ಮೇಡಂ ಕನ್ನಡಕ ಏರಿಸಿ, ಕಾಗದಗಳನ್ನು ದಿನಪತ್ರಿಕೆ ಓದುವಂತೆ ಸಲೀಸಾಗಿ ಓದತೊಡಗಿದರು. ಶಶಿಕಾಂತ ‘ಯುದ್ಧದ ಸುದ್ದಿ’ ಎಂದು ಚೀಟಿ ಅಂಟಿಸಿದ್ದು ಎರಡು ಮನೆಗಳ ನಡುವಿನ ಗಟಾರದ ಜಗಳವಾಗಿತ್ತು. ‘ರಾಣಿಯ ಒಡವೆ’ ಎಂದಿದ್ದು ಎಮ್ಮೆಯ ಗಂಟೆ. ಅವನು ಕೂತಲ್ಲೇ ಕುಗ್ಗುತ್ತಾ ಬಂದ.

ಆಮೇಲೆ ಅವರು ಒಂದು ಚಿಕ್ಕ ಕಾಗದ ಎತ್ತಿ, ಬೆಳಕಿಗೆ ಹಿಡಿದು ಮನಸ್ಸಿನಲ್ಲೇ ಎರಡು ಸಲ ಓದಿಕೊಂಡರು.

“ಇದು ಜೀತದ್ದು. ಕೆಂದ ಬಣ್ಣದ ಆಕಳಾ ಒಂದು, ಅದರ ಕೂಡ ಹುಡಿಗಿ ಒಬ್ಬಾಕಿ. ಇಬ್ಬರನ್ನೂ ಬರದಕೊಟ್ಟಾರ.”

“ಹುಡಿಗಿ ಹೆಸರೇನರಿ?” ಎಂದಳು ರಂಜನಾ, ಪಾಯಸದ ಪಾತ್ರೆ ಹಿಡಿದೇ.

“ಆಕಳದ ಹೆಸರ ಅದ. ಲಕ್ಷ್ಮಿ ಅಂತ. ಹುಡಿಗೀದ ಬರದಿಲ್ಲ.”

ಅನಸವ್ವ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು. ಗುರುಬಾಯಿ ಕೈ ಚಾಚಿ ಆ ಕಾಗದ ಇಸಿದುಕೊಂಡಳು. ಬೆಳಿಗ್ಗೆ ಅವಳ ಅಂಗಳಕ್ಕೆ ಬಿದ್ದದ್ದು ಅದೇ. “ಇದರ ಬಾಜೂಕ ಮೆಣಸಿನಕಾಯಿ ಸುಟ್ಟೆನಲ್ಲ ನಾ,” ಎಂದು ಅದಕ್ಕೆ ಹತ್ತಿದ್ದ ಬೂದಿಯನ್ನು ಸೆರಗಿನಿಂದ ಮೆಲ್ಲಗೆ ಒರೆಸಿ ಹಿಂದಕ್ಕೆ ಕೊಟ್ಟಳು.

“ಇನ್ನ ಆ ಮುದ್ರೀದು ಓದ್ರಿ ಮೇಡಂ,” ಎಂದ ಹುಲೆಪ್ಪ, ಜೀವ ಕೈಯಲ್ಲಿ ಹಿಡಿದು.

ಮೇಡಂ ಓದಿದರು. ಓದುತ್ತಾ ಅವರ ಮುಖ ಅರಳಿತು.

“ಅರೇ, ಇಂಥಾದ್ದು ನಾ ನೋಡೇ ಇಲ್ಲ. ಇದು ಶಾಗಿರ್ದ ಪತ್ರ.”

ಹುಲೆಪ್ಪನ ಕೈಯಿಂದ ಪಾಯಸದ ಬಟ್ಟಲು ಜಾರಿತು. ಅವನಿಗಿಂತ ಜೋರಾಗಿ ಶಶಿಕಾಂತ ಬೆಚ್ಚಿದ. ಮೇಡಂ ಕನ್ನಡಕ್ಕೆ ತಿರುಗಿಸಿ ಹೇಳುತ್ತಾ ಹೋದರು.

“ನೇಕಾರ ಮುರಗೆಪ್ಪನ ಮನೆಯಲ್ಲಿ ಈ ಹುಡುಗನು ಶಾಗಿರ್ದನಾಗಿ ನಿಲ್ಲತಕ್ಕದ್ದು. ಸೆರಗು ಸಹಿತ ಒಂದು ಸೀರೆಯನ್ನು ತಾನೊಬ್ಬನೇ ನೇಯ್ದು ಕೊಡುವವರೆಗೆ ಮನೆ ಬಿಡತಕ್ಕದ್ದಲ್ಲ. ಹುಡುಗನಿಗೆ ಓಡಿಹೋಗುವ ಚಟವಿದೆ. ಓಡಿದಲ್ಲಿ, ಹಿಡಿದು ತಂದವರಿಗೆ ಮುರಗೆಪ್ಪನು ಹೋಳಿಗೆ ಊಟ ಹಾಕತಕ್ಕದ್ದು. ಕೆಳಗ ಬ್ಯಾರೆ ಶಾಯಿಲೆ ಬರದಾರ: ಸೆರಗು ಬಾಕಿ ಇರುವಾಗ ಹುಡುಗ ಓಡಿದ. ಸಿಕ್ಕಿಲ್ಲ.”

“ಮುರಗೆಪ್ಪ ನಮ್ಮ ಮಾವನವರ ಮುತ್ಯಾ,” ಎಂದಳು ಗುರುಬಾಯಿ. “ಹುಲ್ಯಾ, ಕೇಳಿದೇನಪಾ?”

“ಹುಡುಗನ ಹೆಸರ ಓದ್ರಿ,” ಎಂದ ಹುಲೆಪ್ಪ ಸಾಯುವ ದನಿಯಲ್ಲಿ.

“ಹುಡುಗನ ಹೆಸರು ಶಿವಯೋಗಿ.”

ಪಡಸಾಲೆಯಲ್ಲಿದ್ದ ತಲೆಗಳೆಲ್ಲ ಒಟ್ಟಿಗೆ ಶಶಿಕಾಂತನ ಕಡೆ ತಿರುಗಿದವು. ಇನಾಮದಾರ ಶಿವಯೋಗಿಯ ಕತೆಯನ್ನು ಅವನ ಬಾಯಿಂದ ಕೇಳದವರು ಆ ಓಣಿಯಲ್ಲಿ ಒಬ್ಬರೂ ಇರಲಿಲ್ಲ. ಪಾಪ, ಅಷ್ಟು ಕಷ್ಟಪಟ್ಟು ಕಟ್ಟಿದ ಸುಳ್ಳಿನಲ್ಲಿ ಅವನು ಖರೆ ಸಂಗತಿಯನ್ನೇ ಹೇಳಿಬಿಟ್ಟಿದ್ದ. ಮುತ್ತಜ್ಜ ಮಾತ್ರ ಅದಲುಬದಲಾಗಿದ್ದ.

“ಆ ಮೂಲಿ ಹರದೈತಲ್ಲ ಮೇಡಂ,” ಎಂದು ಶಶಿಕಾಂತ ತೊದಲಿದ. “ಅಲ್ಲಿ ಬಿಡುಗಡಿ ಮಾಡಿದ್ದು ಬರದಿರಬೇಕು.”

ಎಲ್ಲರೂ ಬಾಗಿಲ ಕಡೆ ನೋಡಿದರು. ಆಡು ಮೆಲುಕು ಹಾಕುತ್ತಿತ್ತು. ಅದು ಏನೂ ಹೇಳಲಿಲ್ಲ.

“ಹಿರ್‍ಯಾರು ಬರಕೊಟ್ಟ ಕೆಲಸಾ ಮೊಮ್ಮಕ್ಕಳು ಮುಗಸಬೇಕಂತ,” ಎಂದಳು ಗುರುಬಾಯಿ, ದೇವರ ಪದ ಹೇಳುವ ರಾಗದಲ್ಲಿ. “ನಾ ಅಂದದ್ದಲ್ಲಪಾ. ಸುಳ್ಳಾಗದ ಬಾಯಿಂದ ಬಂದದ್ದು. ನಾಳಿ ಬಾ. ಕಂಡಿಕಿಲೇ ಶುರು ಮಾಡೂಣು, ಸೆರಗಿಗೆ ಆಮ್ಯಾಲ ಬರೂಣು.”

ಮಧುಮತಿ ಮೇಡಂ ಸಂತೋಷದಿಂದ ಕಾಗದಗಳನ್ನು ಒಂದೊಂದಾಗಿ ಮೆತ್ತನೆಯ ಹಾಳೆಯಲ್ಲಿ ಸುತ್ತಿಕೊಂಡರು. ಆ ಪತ್ರವನ್ನು ನಟ್ಟನಡುವಿನ ಗಾಜಿನ ಪೆಟ್ಟಿಗೆಯಲ್ಲೇ ಇಡುವುದಾಗಿ ಮಾತು ಕೊಟ್ಟರು. ಫಲಕದ ಮೇಲೆ ಏನು ಬರೆಯಬೇಕೆಂಬುದೂ ಅವರಿಗೆ ಆಗಲೇ ಹೊಳೆದಿತ್ತು: ‘ಓಡಿಹೋದ ಶಾಗಿರ್ದ ಶಿವಯೋಗಿಯ ಮರಿಮೊಮ್ಮಗ, ಶ್ರೀ ಶಶಿಕಾಂತ ಇವರ ಕೊಡುಗೆ.’

“ಹೆಸರು ದೊಡ್ಡ ಅಕ್ಷರದಾಗ ಇರತದ,” ಎಂದು ಸಮಾಧಾನವನ್ನೂ ಹೇಳಿದರು.

ಮರುದಿನ ಬೆಳಿಗ್ಗೆ ಶಶಿಕಾಂತ ಉಳಿದರ್ಧ ಗಡ್ಡ ತೆಗೆಸಲೆಂದು ಸದ್ದಿಲ್ಲದೆ ಹೊರಬಿದ್ದ. ಅಲ್ಲಿಂದ ಹಾಗೇ ಮುಧೋಳದ ಬಸ್ಸು ಹತ್ತಿ, ಸಂಜೆಯವರೆಗೆ ಅತ್ತಲೇ ಇರುವ ಆಲೋಚನೆಯೂ ಇತ್ತು. ಬಾಗಿಲು ತೆರೆದರೆ ಎದುರಿನ ಕಟ್ಟೆಯ ಮೇಲೆ ಹುಲೆಪ್ಪ ಕೂತಿದ್ದ. ಧೋತರ ಮೇಲೆ ಕಟ್ಟಿದ್ದ, ಕೆರ ಬಿಚ್ಚಿ ಪಕ್ಕಕ್ಕಿಟ್ಟಿದ್ದ. ಅಷ್ಟು ಬೆಳಿಗ್ಗೆ ಅವನು ಎದ್ದದ್ದನ್ನು ಓಣಿ ಕಂಡಿರಲಿಲ್ಲ.

“ಏನ ಕಾಕಾ, ಇಷ್ಟ ಲಗೂನ?”

“ಏನಿಲ್ಲಪಾ. ಗುರುಬಾಯಿ ನಿನ್ನೆ ಸಂಜೀಕೇ ಕಡ್ಲಿಬ್ಯಾಳಿ ನೆನಿ ಹಾಕ್ಯಾಳಂತ,” ಎಂದ ಹುಲೆಪ್ಪ ಪ್ರೀತಿಯಿಂದ. “ನಾ ಹೋಳಿಗಿ ತಿಂದು ಭಾಳ ದಿನಾ ಆತು ಶಶ್ಯಾ. ಓಡು, ನೋಡೂಣು.”